ಕಾಡುಜಿರಳೆಯ ತಾಯ್ತನವೂ ಪ್ರೋಷಧವ್ರತದ ಕಣ್ಣೂ



ಚಾತುರ್ಮಾಸವು ಜೀವದಯೆಯ ಕಾಲ. ಮಳೆಯ ನೀರು ನೆಲಕ್ಕಿಳಿದೊಡನೆ ಎಲೆಯ ಅಡಿಯಲ್ಲಿ, ಗೋಡೆಯ ಸಂದಿನಲ್ಲಿ, ಬಚ್ಚಲಿನ ಮೂಲೆಯಲ್ಲಿ ಅಸಂಖ್ಯಾತ ಜೀವಿಗಳು ಕಾಣಿಸಿಕೊಳ್ಳುತ್ತವೆ. ಅವುಗಳಿಗೆ ಬಾಧೆಯಾಗದಿರಲೆಂದೇ ನಮ್ಮ ಮುನಿಗಳು ವಿಹಾರವನ್ನು ನಿಲ್ಲಿಸಿ ಒಂದೆಡೆಯಲ್ಲಿ ನೆಲೆಸುತ್ತಾರೆ. ಗೃಹಸ್ಥನಾದರೋ ಮೊದಲೇ ಒಂದೆಡೆಯಲ್ಲಿ ನೆಲೆಸಿದವನು. ಅವನ ಪಾಲಿಗೆ ಚಾತುರ್ಮಾಸದ ನಿಯಮವೆಂದರೆ ತನ್ನ ಮನೆಯೊಳಗೇ ಎಚ್ಚರದಿಂದ ನಡೆಯುವುದು. ಈ ಎಚ್ಚರವನ್ನು ಕುರಿತೇ ಇಂದು ಒಂದೆರಡು ಮಾತುಗಳನ್ನು ನಿಮ್ಮ ಮುಂದಿಡಬೇಕೆಂದಿದ್ದೇನೆ.

ಒಮ್ಮೆ ದಶಲಕ್ಷಣ ಪರ್ವದ ದಿನಗಳಲ್ಲಿ ಪ್ರವಚನ ಮುಗಿದು ಜನರೆಲ್ಲ ಎದ್ದ ಮೇಲೆ ವೃದ್ಧ ಶ್ರಾವಿಕೆಯೊಬ್ಬರು ಬಸದಿಯ ಕಂಬದ ಬಳಿ ನಿಂತಿದ್ದರು. ಏನೋ ಕೇಳಬೇಕೆಂಬ ಭಾವ ಮುಖದಲ್ಲಿತ್ತು. "ಪಂಡಿತರೇ, ನಾಳೆ ಅನಂತ ಚತುರ್ದಶಿಯ ಉಪವಾಸ. ಅಡುಗೆಮನೆ ಶುದ್ಧವಾಗಲಿ ಎಂದು ನಿನ್ನೆ ರಾತ್ರಿ ಮಗ ಜಿರಳೆಗೆ ಔಷಧ ಹೊಡೆಸಿದ. ಬೆಳಗಾಗೆದ್ದು ಗುಡಿಸಿದರೆ ಮೊರದ ತುಂಬ ಬಂದವು. ಕೆಲವು ಇನ್ನೂ ಕಾಲಾಡಿಸುತ್ತಿದ್ದವು. ಸ್ನಾನ ಮಾಡಿ ಮಡಿಯುಟ್ಟು ಬಸದಿಗೆ ಬಂದೆ. ಐವತ್ತು ವರ್ಷದಿಂದ ಈ ನೋಂಪಿಯನ್ನು ನಡೆಸಿಕೊಂಡು ಬಂದವಳು ನಾನು. ಈ ಸಲದ ಉಪವಾಸ ಸಲ್ಲುತ್ತದೆಯೇ?" ಎಂದು ಕೇಳಿದರು.

ಅಂದು ನಾನು ಕೊಟ್ಟ ಉತ್ತರ ಅರ್ಧದ ಉತ್ತರ. "ಪ್ರತಿಕ್ರಮಣ ಮಾಡಿ, ತಾಯಿ" ಎಂದಷ್ಟೇ ಹೇಳಿ ಕಳುಹಿದೆನು. ಉಳಿದರ್ಧವನ್ನು ಹುಡುಕುತ್ತ ಹೋದಾಗ ನನಗೆ ದೊರೆತುದನ್ನು ಈಗ ನಿವೇದಿಸುತ್ತೇನೆ.

ಮೊದಲು ಶಾಸ್ತ್ರದ ಮಾತು. ಪರ್ವದಿನಗಳಾದ ಅಷ್ಟಮಿ-ಚತುರ್ದಶಿಗಳಲ್ಲಿ ನಾವು ಕೈಕೊಳ್ಳುವ ಪ್ರೋಷಧೋಪವಾಸವ್ರತಕ್ಕೆ ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಐದು ಅತಿಚಾರಗಳನ್ನು ಹೇಳಿದ್ದಾರೆ. ಉಪವಾಸದ ದೋಷಗಳೆಂದೊಡನೆ ನಾವು ಏನನ್ನು ನಿರೀಕ್ಷಿಸುತ್ತೇವೆ? ಕದ್ದು ತಿನ್ನುವುದು, ನೀರು ಕುಡಿಯುವುದು, ರುಚಿಯನ್ನು ನೆನೆಯುವುದು ಎಂದಲ್ಲವೇ? ಆದರೆ ಆಚಾರ್ಯರು ಹೇಳಿದ್ದು ಬೇರೆ. ನೋಡದೆ, ಗುಡಿಸದೆ ಮಲಮೂತ್ರಾದಿಗಳನ್ನು ವಿಸರ್ಜಿಸುವುದು ಒಂದು. ನೋಡದೆ, ಗುಡಿಸದೆ ವಸ್ತುಗಳನ್ನು ಎತ್ತಿಕೊಳ್ಳುವುದು ಎರಡು. ನೋಡದೆ, ಗುಡಿಸದೆ ಹಾಸಿಗೆಯನ್ನು ಹಾಸುವುದು ಮೂರು. ವ್ರತದಲ್ಲಿ ಆದರವಿಲ್ಲದಿರುವುದು ನಾಲ್ಕು. ಮಾಡಬೇಕಾದುದನ್ನು ಮರೆಯುವುದು ಐದು. ಐದರಲ್ಲಿ ಮೂರು ದೋಷಗಳು ಕಣ್ಣಿಗೆ ಸಂಬಂಧಿಸಿದವು. ಹೊಟ್ಟೆಗೆ ಸಂಬಂಧಿಸಿದುದು ಒಂದೂ ಇಲ್ಲ. ಹೀಗೆ ನೋಡುವುದಕ್ಕೆ ಪ್ರತ್ಯವೇಕ್ಷಣವೆಂದೂ ಮೃದುವಾಗಿ ಗುಡಿಸುವುದಕ್ಕೆ ಪ್ರಮಾರ್ಜನವೆಂದೂ ಹೆಸರು. ಮುನಿಗಳ ಕೈಯಲ್ಲಿ ನವಿಲುಗರಿಯ ಪಿಂಛಿ ಇರುವುದು ಈ ಕಾರ್ಯಕ್ಕಾಗಿಯೇ. ಉಪವಾಸದ ದಿನ ಅಡುಗೆಯ ಚಿಂತೆಯಿಂದ ಬಿಡುವು ದೊರೆತ ಮನಸ್ಸನ್ನು ನೋಟಕ್ಕೆ ತೊಡಗಿಸಬೇಕೆಂಬುದು ಇದರ ತಾತ್ಪರ್ಯ.

ಹಾಗಾದರೆ ಆ ಮೊರದಲ್ಲಿ ಬಿದ್ದಿದ್ದುದು ಏನು? ನಾವು ಅದನ್ನು ಎಂದಾದರೂ ನೋಡಿದ್ದೇವೆಯೇ? ಕಂಡೊಡನೆ ಚೀರಿದ್ದೇವೆ, ಚಪ್ಪಲಿ ಎತ್ತಿದ್ದೇವೆ. ನೋಡಿದವರಲ್ಲ. ಆದುದರಿಂದ ಜಿರಳೆಯ ಕುಲವನ್ನು ತಾಳ್ಮೆಯಿಂದ ನೋಡಿದ ಕೆಲವರು ಕಂಡುದನ್ನು ಮೊದಲು ತಿಳಿಯೋಣ.

ಜಗತ್ತಿನಲ್ಲಿ ಇದುವರೆಗೆ ಹೆಸರಿಸಲ್ಪಟ್ಟಿರುವ ಜಿರಳೆಯ ಪ್ರಭೇದಗಳು 4,500ಕ್ಕೂ ಮಿಕ್ಕಿವೆ. ಅವುಗಳಲ್ಲಿ ಮನುಷ್ಯನ ಮನೆಮಠಗಳ ಸಹವಾಸಕ್ಕೆ ಬಂದವು ಸುಮಾರು 30 ಮಾತ್ರ. ನಮ್ಮ ಅಡುಗೆಮನೆಯ ಪರಿಚಯವುಳ್ಳವು ಮೂರು-ನಾಲ್ಕು. ಉಳಿದವುಗಳಲ್ಲಿ ಬಹುಪಾಲು ಉಷ್ಣವಲಯದ ಕಾಡುಗಳಲ್ಲಿ, ಉದುರಿದ ಎಲೆಯ ಹಾಸಿನಲ್ಲಿ, ಒಣಗಿದ ತೊಗಟೆಯ ಅಡಿಯಲ್ಲಿ ಬಾಳುತ್ತವೆ. ಬಿದ್ದುದನ್ನು ತಿಂದು ಮಣ್ಣಿಗೆ ಹಿಂದಿರುಗಿಸುತ್ತವೆ. ಮನುಷ್ಯನ ತಂಟೆಗೆ ಬಾರದೆ ಹುಟ್ಟಿ ಸಾಯುತ್ತವೆ.

ಅಂತಹ ಕಾಡುಜಿರಳೆಗಳಲ್ಲೊಂದಕ್ಕೆ ವಿಜ್ಞಾನಿಗಳು ಡಿಪ್ಲೊಪ್ಟೆರಾ ಪಂಕ್ಟೇಟಾ ಎಂದು ಕರೆಯುತ್ತಾರೆ. ಎಶ್‌ಶೋಲ್ಟ್ಸ್ ಎಂಬ ಪ್ರಕೃತಿವಿಜ್ಞಾನಿಯು 1822ರಲ್ಲಿ ಇದನ್ನು ಮೊದಲು ವರ್ಣಿಸಿದನು. ಶಾಂತಸಾಗರದ ದ್ವೀಪಗಳಲ್ಲಿಯೂ ಆಗ್ನೇಯ ಏಷ್ಯದ ನಾಡುಗಳಲ್ಲಿಯೂ ಇದು ವಾಸಿಸುತ್ತದೆ. ಉದ್ದ ಎರಡು ಸೆಂಟಿಮೀಟರಿನ ಆಸುಪಾಸು. ಮೇಲಿನ ರೆಕ್ಕೆಗಳು ಗಟ್ಟಿಯಾಗಿ, ಹೊಳಪಾಗಿ, ಚುಕ್ಕೆಚುಕ್ಕೆಯ ಕುಳಿಗಳಿಂದ ಕೂಡಿರುವುದರಿಂದ ನೋಡಿದವರಿಗೆ ಜಿರಳೆಯೆನಿಸುವುದಿಲ್ಲ, ದುಂಬಿಯೆನಿಸುತ್ತದೆ. ಆದಕಾರಣ ಇದನ್ನು ನಾವು ದುಂಬಿಜಿರಳೆ ಎಂದು ಕರೆಯಬಹುದು. ಇದು ಗುಂಪಾಗಿ ಇರುತ್ತದೆ. ಎಲೆ, ತೊಗಟೆಗಳನ್ನು ತಿನ್ನುತ್ತದೆ. ಹವಾಯಿ ದ್ವೀಪಗಳಲ್ಲಿ ಸೈಪ್ರೆಸ್ ಮರಗಳ ತೊಗಟೆಯನ್ನು ಕಡಿದು ಹಾನಿ ಮಾಡುವುದೂ ಉಂಟು.

ಇದಕ್ಕೆ ತನ್ನನ್ನು ಕಾಪಾಡಿಕೊಳ್ಳುವ ಉಪಾಯವೊಂದಿದೆ. ಹೊಟ್ಟೆಯ ಎರಡು ಪಕ್ಕಗಳಲ್ಲಿ, ಉಸಿರಾಡುವ ರಂಧ್ರಗಳ ಬಳಿ, ಒಂದೊಂದು ಗ್ರಂಥಿ. ಅದರಲ್ಲಿ ಕ್ವಿನೋನ್ ಎಂಬ ಘಾಟಿನ ದ್ರವ್ಯ. ಯಾವ ಪ್ರಾಣಿಯಾದರೂ ಕಾಲನ್ನು ಹಿಡಿದರೆ, ಹಿಡಿದ ಪಕ್ಕದಿಂದ ಮಾತ್ರ ಅದನ್ನು ಚಿಮ್ಮಿಸುತ್ತದೆ. ಇನ್ನೊಂದು ಪಕ್ಕವನ್ನು ಉಳಿಸಿಕೊಳ್ಳುತ್ತದೆ. ಥಾಮಸ್ ಐಸ್ನರ್ ಎಂಬ ವಿಜ್ಞಾನಿಯು 1958ರಲ್ಲಿ ಇದನ್ನು ವಿವರಿಸಿದನು. ತಾನಾಗಿ ಮೇಲೆ ಬಿದ್ದು ಯಾರನ್ನೂ ಪೀಡಿಸುವುದಿಲ್ಲ. ಹಿಡಿದಾಗ ಮಾತ್ರ ಬಿಡಿಸಿಕೊಳ್ಳುತ್ತದೆ. ಆಹಾರ, ಭಯ, ಮೈಥುನ, ಪರಿಗ್ರಹ ಎಂಬ ನಾಲ್ಕು ಸಂಜ್ಞೆಗಳು ಸಂಸಾರಿ ಜೀವಿಗಳೆಲ್ಲಕ್ಕೂ ಇವೆಯೆಂದು ನಾವು ಓದಿದ್ದೇವೆ. ಭಯಸಂಜ್ಞೆ ಎಂಬುದು ಬರಿಯ ಪದವಲ್ಲವೆಂಬುದು ಇಲ್ಲಿ ಕಣ್ಣಿಗೆ ಕಾಣುತ್ತದೆ.

ಆದರೆ ಈ ಜಿರಳೆಯ ಖ್ಯಾತಿಗೆ ಕಾರಣ ಅದರ ಘಾಟಲ್ಲ, ತಾಯ್ತನ. ಸಾಮಾನ್ಯವಾಗಿ ಜಿರಳೆಗಳು ಮೊಟ್ಟೆಗಳನ್ನು ಒಂದು ಗಟ್ಟಿ ಕೋಶದಲ್ಲಿ ಕಟ್ಟಿ ಎಲ್ಲಿಯಾದರೂ ಅಂಟಿಸುತ್ತವೆ. ಕೆಲವು ಆ ಕೋಶವನ್ನು ಹೊತ್ತು ತಿರುಗುತ್ತವೆ. ಮತ್ತೆ ಕೆಲವು ಒಡಲೊಳಗಿನ ಚೀಲದಲ್ಲಿಟ್ಟು ಕಾಯುತ್ತವೆ. ಅವೆಲ್ಲವುಗಳಲ್ಲಿ ಮರಿಯ ಆಹಾರವು ಮೊಟ್ಟೆಯೊಳಗಿನ ಭಂಡಾರವೇ. ದುಂಬಿಜಿರಳೆಯಾದರೋ ತನ್ನ ಸುಮಾರು ಹನ್ನೆರಡು ಸಣ್ಣ ಮೊಟ್ಟೆಗಳನ್ನು ಒಡಲೊಳಗಿನ ಚೀಲದಲ್ಲಿರಿಸಿ, ಎರಡು ತಿಂಗಳುಗಳಷ್ಟು ಕಾಲ ಹೊತ್ತು, ಆ ಚೀಲದ ಒಳಗೋಡೆಯಿಂದ ಒಂದು ದ್ರವವನ್ನು ಸ್ರವಿಸುತ್ತದೆ. ಮರಿಗಳು ಅದನ್ನು ಬಾಯಿಂದ ಕುಡಿದು ಬೆಳೆಯುತ್ತವೆ. ಮೊಟ್ಟೆಯಲ್ಲಿದ್ದಾಗಿನ ತೂಕಕ್ಕಿಂತ ಎಷ್ಟೋ ಪಟ್ಟು ತೂಗಿ ಹೊರಬರುತ್ತವೆ. ಹೀಗೆ ಬಲಿತು ಹುಟ್ಟುವುದರಿಂದ ಬೇರೆ ಜಿರಳೆಗಳಿಗಿಂತ ಕಡಿಮೆ ಸಲ, ಮೂರು ಅಥವಾ ನಾಲ್ಕು ಸಲ ಪೊರೆ ಕಳಚಿ, ಪ್ರೌಢವಾಗುತ್ತವೆ. ಲೂಯಿಸ್ ರಾತ್ ಮತ್ತು ಎಡ್ವಿನ್ ವಿಲ್ಲಿಸ್ ಎಂಬ ಇಬ್ಬರು ಅಮೆರಿಕದ ಕೀಟವಿಜ್ಞಾನಿಗಳು 1955ರಲ್ಲಿ ಈ ಒಡಲೊಳಗಿನ ಪೋಷಣೆಯನ್ನು ಪ್ರಕಟಿಸಿದರು. ಮುಂದೆ ಬಾರ್ಬರಾ ಸ್ಟೇ ಎಂಬ ವಿದುಷಿಯೂ ಸಂಗಡಿಗರೂ 1970ರ ದಶಕದಲ್ಲಿ ಆ ದ್ರವವನ್ನು ಪರೀಕ್ಷಿಸಿ, ಅದರಲ್ಲಿ ಪ್ರೋಟೀನು, ಕೊಬ್ಬು, ಶರ್ಕರಗಳು ಇವೆಯೆಂದು ತೋರಿಸಿ ಅದನ್ನು ಹಾಲೆಂದೇ ಕರೆದರು.

ಆ ಹಾಲನ್ನು ಕುಡಿದ ಮರಿಯ ಕರುಳಿನಲ್ಲಿ ಅದು ಸಣ್ಣ ಸಣ್ಣ ಹರಳುಗಳಾಗಿ ಕೂಡುತ್ತದೆ. ಮರಿಗೆ ಬೇಕಾದಷ್ಟು ಕರಗುತ್ತ, ಉಳಿದದ್ದು ಹರಳಾಗಿಯೇ ನಿಲ್ಲುತ್ತ, ಬುತ್ತಿಯಂತೆ ಒದಗುತ್ತದೆ. ಈ ಹರಳಿನ ರಚನೆಯನ್ನು ಅಣು-ಅಣುವಾಗಿ ಬಿಡಿಸಿ ನೋಡಿದ ಕೆಲಸದಲ್ಲಿ ನಮ್ಮ ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯ ಸಂಚಾರಿ ಬ್ಯಾನರ್ಜಿ, ಎಸ್. ರಾಮಸ್ವಾಮಿ ಮೊದಲಾದವರು ಇದ್ದರೆಂಬುದು ಗಮನಾರ್ಹ. 2016ರಲ್ಲಿ ಪ್ರಕಟವಾದ ಆ ಲೇಖನದಲ್ಲಿ, ಅಷ್ಟೇ ತೂಕದ ಹೈನದ ಹಾಲಿನಲ್ಲಿರುವುದಕ್ಕಿಂತ ಮೂರು ಪಟ್ಟಿಗೂ ಮಿಕ್ಕಿದ ಶಕ್ತಿಯು ಈ ಹರಳಿನಲ್ಲಿದೆಯೆಂಬ ಅಂದಾಜು ಇತ್ತು.

ಭವ್ಯಾತ್ಮರೇ, ಮುಂದೆ ನಡೆದುದನ್ನು ಗಮನಿಸಿರಿ. ಎರಡು ಸೆಂಟಿಮೀಟರಿನ ಜೀವವೊಂದು ತನ್ನ ಒಡಲನ್ನೇ ಕರಗಿಸಿ ಹನ್ನೆರಡು ಮರಿಗಳನ್ನು ಪೊರೆಯುತ್ತದೆಂಬ ವಾರ್ತೆಯನ್ನು ಕೇಳಿ ಲೋಕವು ಬೆರಗಾಗಬೇಕಿತ್ತು. ಆದರೆ ಪತ್ರಿಕೆಗಳಲ್ಲಿ ಎದ್ದ ಪ್ರಶ್ನೆ ಬೇರೆ: ಇದನ್ನು ನಾವು ಕುಡಿಯಬಹುದೇ? ಮುಂದಿನ ಮಹಾ ಆಹಾರ ಜಿರಳೆಯ ಹಾಲೇ? ಒಂದು ಜೀವದ ತಾಯ್ತನವನ್ನು ಕಂಡ ಕ್ಷಣವೇ ಮನುಷ್ಯನ ನಾಲಿಗೆ ಮುಂದೆ ಚಾಚಿತು. ಆ ಹರಳು ಇರುವುದು ಹುಟ್ಟಬೇಕಾದ ಮರಿಯ ಕರುಳಿನಲ್ಲಿ. ಮರಿಯನ್ನು ಸೀಳದೆ ಅದು ಕೈಗೆ ಬಾರದು. ವಿಜ್ಞಾನಿಗಳೇ ಇದನ್ನು ಬಲ್ಲವರಾದುದರಿಂದ ಯೀಸ್ಟಿನ ಮೂಲಕ ಆ ಪ್ರೋಟೀನನ್ನು ತಯಾರಿಸಬಹುದೇ ಎಂದು ಯೋಚಿಸಿದರು.

ನೋಟದಲ್ಲಿ ಎರಡು ಬಗೆ. ಒಂದು ಆಸೆಯ ನೋಟ. ಅದು ವಸ್ತುವಿನಲ್ಲಿ ತನಗೆ ದಕ್ಕುವುದನ್ನು ಮಾತ್ರ ಕಾಣುತ್ತದೆ. ಇನ್ನೊಂದು ದಯೆಯ ನೋಟ. ಅದು ಎದುರಿಗಿರುವ ಜೀವಕ್ಕೆ ಬೇಕಾದುದನ್ನು ಕಾಣುತ್ತದೆ. ಶ್ರಾವಕನ ಮೂಲಗುಣಗಳಲ್ಲಿ ಮದ್ಯ-ಮಾಂಸಗಳ ಸಂಗಡ ಮಧುವನ್ನೂ ಬಿಡಬೇಕೆಂದು ನಮ್ಮ ಆಚಾರ್ಯರು ಏಕೆ ವಿಧಿಸಿದರು? ಜೇನು ಸಿಹಿ, ಔಷಧಿ, ಪುಷ್ಟಿಕರ ಎಂಬುದನ್ನು ಅವರು ಅರಿಯದವರಲ್ಲ. ಅದು ಸಹಸ್ರ ಜೀವಿಗಳು ತಮ್ಮ ಸಂತಾನಕ್ಕಾಗಿ ಕೂಡಿಟ್ಟ ಬುತ್ತಿ. ಅದನ್ನು ಪಡೆಯುವಲ್ಲಿ ಆ ಜೀವಿಗಳ ಘಾತ. ಗೂಡಿನಿಂದ ತಾನಾಗಿ ಸೋರಿದ ಜೇನನ್ನೂ ಬಿಡಬೇಕೆಂದು ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ವಾದಿಸಿದ್ದಾರೆ. ಅದರಲ್ಲಿ ಆಶ್ರಯಿಸಿದ ಜೀವಿಗಳುಂಟೆಂಬುದು ಅವರು ಕೊಟ್ಟ ಕಾರಣ. ಈ ಒಂದು ನಿಯಮವನ್ನು ಅರಿತವನಿಗೆ ಜಿರಳೆಯ ಹಾಲಿನ ವಿಷಯದಲ್ಲಿ ಬೇರೆ ವಿಧಿ ಬೇಕಾಗಿಲ್ಲ.

ಇಲ್ಲಿ ಸ್ವಾಧ್ಯಾಯಶೀಲರಾದ ಯುವಕರು ಒಂದು ಶಂಕೆಯನ್ನು ಎತ್ತುತ್ತಾರೆ. ಅದನ್ನು ಮುಚ್ಚಿಡುವುದು ಸರಿಯಲ್ಲ. ತತ್ತ್ವಾರ್ಥಸೂತ್ರದ ಎರಡನೆಯ ಅಧ್ಯಾಯದಲ್ಲಿ ಹುಳು, ಇರುವೆ, ಭ್ರಮರ, ಮನುಷ್ಯ ಎಂಬ ಕ್ರಮದಲ್ಲಿ ಒಂದೊಂದು ಇಂದ್ರಿಯ ಹೆಚ್ಚುತ್ತ ಹೋಗುತ್ತದೆಂದು ಹೇಳಿದೆ. ಕಣ್ಣುಳ್ಳ ಜಿರಳೆಯು ಭ್ರಮರದ ಸಾಲಿಗೆ, ಎಂದರೆ ಚತುರಿಂದ್ರಿಯಗಳಲ್ಲಿ ಸೇರತಕ್ಕದ್ದು. ಅದೇ ಅಧ್ಯಾಯದಲ್ಲಿ ಜನ್ಮವು ಸಮ್ಮೂರ್ಛನ, ಗರ್ಭ, ಉಪಪಾದ ಎಂದು ಮೂರು ಬಗೆ, ಜರಾಯುಜ, ಅಂಡಜ, ಪೋತಗಳಿಗೆ ಗರ್ಭಜನ್ಮ, ದೇವ-ನಾರಕಿಗಳಿಗೆ ಉಪಪಾದ, ಉಳಿದವುಗಳಿಗೆ ಸಮ್ಮೂರ್ಛನ. ವಿಕಲೇಂದ್ರಿಯಗಳು ಈ 'ಉಳಿದವು'ಗಳಲ್ಲಿ ಬರುತ್ತವೆ. ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಗರ್ಭಶಬ್ದವನ್ನು ವಿವರಿಸುವಾಗ ಶುಕ್ರ-ಶೋಣಿತಗಳ ಬೆರಕೆಯನ್ನು ಹೇಳಿ, ತಾಯಿಯುಂಡ ಆಹಾರವನ್ನು ನುಂಗುವುದೆಂಬ ಇನ್ನೊಂದು ಅರ್ಥವನ್ನೂ ಕೊಟ್ಟಿದ್ದಾರೆ. ಹಾಗಿರುವಾಗ ಒಡಲಲ್ಲಿ ಹೊತ್ತು ಹಾಲೂಡಿಸುವ ಈ ಚತುರಿಂದ್ರಿಯವನ್ನು ಏನೆಂದು ತಿಳಿಯಬೇಕು?

ನನ್ನ ಅಲ್ಪಮತಿಗೆ ತೋಚಿದುದನ್ನು ಹೇಳುತ್ತೇನೆ. ಶಾಸ್ತ್ರದ ಮಾತನ್ನು ಎಳೆದಾಡಿ ಇದೆಲ್ಲವೂ ಮೊದಲೇ ಅಲ್ಲಿತ್ತೆಂದು ಸಾಧಿಸುವುದು ಶಾಸ್ತ್ರಕ್ಕೆ ಗೌರವವಲ್ಲ. ಕಣ್ಣಿಗೆ ಕಂಡುದನ್ನು ಇಲ್ಲವೆನ್ನುವುದು ಸತ್ಯಾಣುವ್ರತಕ್ಕೆ ಒಪ್ಪುವುದಿಲ್ಲ. ಶಾಸ್ತ್ರದಲ್ಲಿ ಗರ್ಭವೆಂಬ ಪದಕ್ಕೆ ಅದರದೇ ಆದ ಪರಿಭಾಷೆಯಿದೆ, ಇಂದಿನ ವಿಜ್ಞಾನದ ಪದಗಳಿಗೆ ಅವುಗಳದೇ ಆದ ಪರಿಭಾಷೆಯಿದೆ. ಇವುಗಳ ಸಂಬಂಧವನ್ನು ವಿದ್ವಾಂಸರು ಸಾವಕಾಶವಾಗಿ ವಿಚಾರ ಮಾಡಲಿ. ಆದರೆ ವ್ರತಿಕನು ಆ ನಿರ್ಣಯಕ್ಕಾಗಿ ಕಾಯಬೇಕಾಗಿಲ್ಲ. ಅವನು ಕೇಳಬೇಕಾದ ಪ್ರಶ್ನೆಗಳು ಸರಳ. ಇದು ಜೀವವೇ? ಹೌದು. ತ್ರಸವೇ? ಹೌದು. ಹಿಡಿದಾಗ ಹೆದರಿ ಬಿಡಿಸಿಕೊಳ್ಳುತ್ತದೆಯೇ? ಹೌದು. ಇವುಗಳಲ್ಲಿ ಶಾಸ್ತ್ರಕ್ಕೂ ಪ್ರತ್ಯಕ್ಷಕ್ಕೂ ಭೇದವಿಲ್ಲ. ಅಹಿಂಸಾಣುವ್ರತವು ಜನ್ಮದ ಬಗೆಯನ್ನು ಅವಲಂಬಿಸಿಲ್ಲ, ಜೀವತ್ವವನ್ನು ಅವಲಂಬಿಸಿದೆ. ಸಮ್ಮೂರ್ಛನ ಜೀವಿಯ ವಧೆ ಹಗುರವೆಂದು ಯಾವ ಆಚಾರ್ಯರೂ ಹೇಳಿಲ್ಲ.

ಇನ್ನೊಂದು ಎಚ್ಚರವೂ ಬೇಕು. ಆ ತಾಯಿಜಿರಳೆಗೆ ನಮ್ಮಂತೆಯೇ ವಾತ್ಸಲ್ಯವಿದೆಯೆಂದು ನಾನು ಹೇಳಲಾರೆ. ಚತುರಿಂದ್ರಿಯವು ಅಮನಸ್ಕ, ಹಿತಾಹಿತಗಳನ್ನು ವಿಚಾರಿಸುವ ಮನಸ್ಸು ಅದಕ್ಕಿಲ್ಲ. ಹಾಗೆಯೇ ಜಿರಳೆಯು ಅನೇಕ ದಿನ ಆಹಾರವಿಲ್ಲದೆ ಬದುಕಬಲ್ಲುದೆಂಬುದನ್ನು ಕೇಳಿ, ಅದೂ ಉಪವಾಸಿಯೆಂದು ಚಮತ್ಕಾರದ ಮಾತಾಡುವವರಿದ್ದಾರೆ. ಅದರ ಕಾರಣ ಬೇರೆ. ಜಿರಳೆಗಳ ಒಡಲಿನ ಕೊಬ್ಬಿನಲ್ಲಿ ಬ್ಲಾಟಾಬ್ಯಾಕ್ಟೀರಿಯಂ ಎಂಬ ಸೂಕ್ಷ್ಮಜೀವಿಗಳು ವಾಸವಾಗಿರುತ್ತವೆ. ತಾಯಿಯಿಂದ ಮರಿಗೆ ಮೊಟ್ಟೆಯ ಮೂಲಕವೇ ಬರುತ್ತವೆ. ಬೇರೆ ಪ್ರಾಣಿಗಳು ಹೊರಹಾಕುವ ಯೂರಿಕ್ ಆಮ್ಲವನ್ನು ಜಿರಳೆಯು ಕೂಡಿಟ್ಟುಕೊಳ್ಳುತ್ತದೆ. ಆ ಕಲ್ಮಷದಿಂದ ಬಂದ ಸಾರಜನಕವನ್ನು ಈ ಸೂಕ್ಷ್ಮಜೀವಿಗಳು ಮತ್ತೆ ಪೋಷಕವಸ್ತುಗಳಾಗಿ ಮಾರ್ಪಡಿಸುತ್ತವೆ. ಇದು ಶರೀರದ ವ್ಯವಸ್ಥೆ, ತಪಸ್ಸಲ್ಲ. ಆಹಾರ ದೊರೆಯದೆ ಇರುವುದು ಉಪವಾಸವಲ್ಲ. ದೊರೆತ ಆಹಾರವನ್ನು ಅರಿವಿನಿಂದ ಬಿಡುವುದು ಉಪವಾಸ. ಅದಕ್ಕೆ ಸಂಕಲ್ಪ ಬೇಕು, ಸಂಕಲ್ಪಕ್ಕೆ ಮನಸ್ಸು ಬೇಕು. ಆ ಮನಸ್ಸು ನಮಗಿದೆ, ಜಿರಳೆಗಿಲ್ಲ. ಆದುದರಿಂದಲೇ ಹೊಣೆಯೂ ನಮ್ಮದು. ವ್ರತವನ್ನು ಹಿಡಿಯಬಲ್ಲವನು ವ್ರತವನ್ನು ಹಿಡಿಯಲಾರದ ಜೀವಿಗಳ ಪಾಲಿನ ಎಚ್ಚರವನ್ನೂ ಹಿಡಿಯಬೇಕು.

ಈಗ ಕಾಡಿನಿಂದ ನಮ್ಮ ಅಡುಗೆಮನೆಗೆ ಬರೋಣ. ನಮ್ಮ ಮನೆಯ ಜಿರಳೆಗಳು ಹಾಲೂಡಿಸುವುದಿಲ್ಲ, ನಿಜ. ಆದರೆ ಅವೂ ತಾಯಂದಿರೇ. ಒಲೆಯ ಕಟ್ಟೆಯ ಸಂದಿನಲ್ಲಿರುವ ಸಣ್ಣ ಕಂದುಜಿರಳೆಯು ಮೂವತ್ತು-ನಲವತ್ತು ಮೊಟ್ಟೆಗಳ ಕೋಶವನ್ನು ಬಾಲದ ತುದಿಯಲ್ಲಿ ಕಚ್ಚಿಹಿಡಿದಂತೆ ಹೊತ್ತು, ಮರಿಗಳು ಹೊರಬರುವ ಸಮಯ ಸಮೀಪಿಸುವವರೆಗೂ ಅದನ್ನು ಬಿಡದೆ ತಿರುಗುತ್ತದೆ. ಮೊರದಲ್ಲಿ ಬಿದ್ದವುಗಳನ್ನು ಹತ್ತಿರದಿಂದ ನೋಡಿದವರಿಗೆ ಆ ಕೋಶವು ಕಾಣದಿರದು. ಸಂದುಗಳಲ್ಲಿ ಇಡುವ ಮುದ್ದೆಯ ಔಷಧವಂತೂ ತಿಂದ ಒಂದನ್ನು ಮಾತ್ರ ಕೊಲ್ಲುವುದಿಲ್ಲ. ಅದರ ಹಿಕ್ಕೆಯನ್ನು, ಹೆಣವನ್ನು ತಿಂದ ಎಳೆಯ ಮರಿಗಳನ್ನೂ ಕೊಲ್ಲುತ್ತದೆ. ಆ ಔಷಧದ ಮಾರಾಟಕ್ಕೆ ಅದೇ ಒಂದು ಹೊಗಳಿಕೆ.

ಶ್ರಾವಕನು ಬಿಡಲೇಬೇಕಾದುದು ಸಂಕಲ್ಪಿ ಹಿಂಸೆಯೆಂದೂ, ಆರಂಭಿ, ಉದ್ಯೋಗಿ, ವಿರೋಧಿ ಹಿಂಸೆಗಳು ಗೃಹಸ್ಥನಿಗೆ ಪೂರ್ತಿಯಾಗಿ ತಪ್ಪವೆಂದೂ ನಾವು ಕೇಳಿದ್ದೇವೆ. ಅಡುಗೆ ಮಾಡುವಾಗ, ಗುಡಿಸುವಾಗ ಎಚ್ಚರವಿದ್ದೂ ಆಗುವುದು ಆರಂಭಿ. ಇಂದು ರಾತ್ರಿ ಇವುಗಳನ್ನು ಕೊಂದುಬಿಡೋಣವೆಂದು ಔಷಧವನ್ನು ತರುವುದು ಯಾವುದು? ಜೀವದಯಾಷ್ಟಮಿಯ ನೋಂಪಿಯಲ್ಲಿ ನಾವು ಕೇಳುವ ಯಶೋಧರನ ಕಥೆಯನ್ನು ನೆನೆಯಿರಿ. ಜನ್ನನು 1209ರಲ್ಲಿ ಕನ್ನಡಕ್ಕೆ ತಂದ ಆ ಕಥೆಯಲ್ಲಿ ಬಲಿಯಾದುದು ಹಿಟ್ಟಿನ ಕೋಳಿ. ಅದರಲ್ಲಿ ಪ್ರಾಣವಿರಲಿಲ್ಲ, ಕೊಲ್ಲುವೆನೆಂಬ ಸಂಕಲ್ಪವಿತ್ತು. ಅಷ್ಟಕ್ಕೇ ತಾಯಿ-ಮಗ ಇಬ್ಬರೂ ಜನ್ಮಜನ್ಮಾಂತರಗಳಲ್ಲಿ ತೊಳಲಿದರು. ಹಿಟ್ಟಿನ ಕೋಳಿಯ ಕಥೆಗೆ ಕಣ್ಣೀರಿಡುವ ನಾವು ಪ್ರಾಣವುಳ್ಳ ಮೊರದ ತುಂಬವನ್ನು ತಿಪ್ಪೆಗೆ ಚೆಲ್ಲಿ ಕೈತೊಳೆದುಕೊಳ್ಳುವುದಾದರೆ, ಕಥೆಯನ್ನು ಕೇಳಿದ ಫಲವೇನು? ವಿಷವನ್ನು ನೆರೆಮನೆಗೆ ಎರವಲು ಕೊಡುವುದೂ ಹಿಂಸಾದಾನವೆಂಬ ಅನರ್ಥದಂಡವೇ ಎಂಬುದನ್ನು ಮರೆಯಬಾರದು.

ಹಾಗಾದರೆ ಜಿರಳೆಗಳನ್ನು ಸಾಕಬೇಕೇ ಎಂದು ನೀವು ಕೇಳುವಿರಿ. ಬೇಡ. ಬಾರದಂತೆ ಮಾಡುವುದೇ ಯತ್ನಾಚಾರ. ಜಿರಳೆಯು ನಿಶಾಚರಿ. ಅದು ಬರುವುದು ಮೂರಕ್ಕಾಗಿ: ರಾತ್ರಿ ಉಳಿದ ಎಂಜಲಿಗೆ, ನೀರಿನ ಪಸೆಗೆ, ಅಡಗುವ ಸಂದಿಗೆ. ಈ ಮೂರನ್ನೂ ತಡೆಯುವ ನಿಯಮಗಳು ನಮ್ಮ ಆಚಾರದಲ್ಲಿಯೇ ಇವೆ. ರಾತ್ರಿಭೋಜನತ್ಯಾಗವನ್ನು ಪಾಲಿಸುವ ಮನೆಯಲ್ಲಿ ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿದು, ಪಾತ್ರೆಗಳು ಬೆಳಕಿನಲ್ಲಿಯೇ ತೊಳೆದು ಒರೆಸಿ ಕವುಚಿಡಲ್ಪಟ್ಟಿದ್ದರೆ, ಕತ್ತಲಾದ ಮೇಲೆ ಹೊರಬಂದ ಜಿರಳೆಗೆ ಅಲ್ಲಿ ದೊರೆಯುವುದೇನು? ಇಂದು ಅನೇಕ ಮನೆಗಳಲ್ಲಿ ಊಟ ರಾತ್ರಿ ಹತ್ತಕ್ಕೆ, ಪಾತ್ರೆಗಳು ಬೆಳಗಿನವರೆಗೆ ತೊಟ್ಟಿಯಲ್ಲಿ. ಮೊದಲು ವ್ರತವನ್ನು ಬಿಟ್ಟೆವು, ಆಮೇಲೆ ಜಿರಳೆ ಬಂತು, ಅದರ ಹಿಂದೆ ವಿಷ ಬಂತು. ಅಹಿಂಸಾವ್ರತದ ಐದು ಭಾವನೆಗಳಲ್ಲಿ ವಸ್ತುಗಳನ್ನು ನೋಡಿ ಎತ್ತಿಡುವುದೂ ಬೆಳಕಿನಲ್ಲಿ ನೋಡಿ ಉಣ್ಣುವುದೂ ಸೇರಿರುವುದು ಸುಮ್ಮನೆಯಲ್ಲ.

ಮಾಡತಕ್ಕ ಕೆಲಸಗಳನ್ನು ಸ್ಪಷ್ಟವಾಗಿ ಹೇಳುತ್ತೇನೆ. ತೊಟ್ಟಿಕ್ಕುವ ನಲ್ಲಿಯನ್ನು ಸರಿಪಡಿಸಿರಿ. ರಾತ್ರಿ ಬಚ್ಚಲನ್ನೂ ಕಟ್ಟೆಯನ್ನೂ ಒಣಬಟ್ಟೆಯಿಂದ ಒರೆಸಿರಿ. ಗೋಡೆಯ ಬಿರುಕುಗಳನ್ನು ಸಿಮೆಂಟಿನಿಂದ ಮುಚ್ಚಿಸಿರಿ. ಮುಚ್ಚುವ ಮುನ್ನ ಒಳಗೆ ಜೀವಿಗಳಿಲ್ಲವೆಂಬುದನ್ನು ದೀಪ ಹಿಡಿದು ನೋಡಿರಿ. ಕಾಳುಕಡಿಗಳನ್ನು ಬಿಗಿ ಮುಚ್ಚಳದ ಡಬ್ಬಿಗಳಲ್ಲಿಡಿರಿ. ಹಳೆಯ ಪತ್ರಿಕೆ, ರಟ್ಟಿನ ಪೆಟ್ಟಿಗೆಗಳ ರಾಶಿಯನ್ನು ಮನೆಯಲ್ಲಿರಿಸಬೇಡಿರಿ. ಪರಿಗ್ರಹವು ಕಡಿಮೆಯಾದಷ್ಟೂ ಅಡಗುತಾಣ ಕಡಿಮೆ. ಒಳಹೊಕ್ಕ ಒಂದೆರಡನ್ನು ಬಟ್ಟಲಿನಿಂದ ಮುಚ್ಚಿ, ಅಡಿಯಲ್ಲಿ ಕಾಗದವನ್ನು ಸರಿಸಿ, ಬಿಸಿಲಿಗೂ ಕಾಗೆಗೂ ಸಿಕ್ಕದಂತೆ ಹಿತ್ತಿಲಿನ ನೆರಳಿನಲ್ಲಿ, ತರಗೆಲೆಯ ಬಳಿ ಬಿಡಿರಿ. ನಮ್ಮ ಅಜ್ಜಿಯರು ನೀರು ಸೋಸಿದ ಬಟ್ಟೆಯನ್ನು ಕೊಡವಿ ಬಿಸುಡುತ್ತಿರಲಿಲ್ಲ. ಅದರಲ್ಲಿ ಉಳಿದ ಜೀವಿಗಳನ್ನು ಅದೇ ಬಾವಿಗೆ ಮೆಲ್ಲನೆ ಇಳಿಬಿಡುತ್ತಿದ್ದರು. ಬಟ್ಟಲಿನ ಉಪಾಯವು ಅದೇ ಧರ್ಮದ ಇನ್ನೊಂದು ರೂಪ.

ಕಷ್ಟದ ಸಂದರ್ಭಗಳೂ ಉಂಟು. ಜಿರಳೆಯ ಹಿಕ್ಕೆ, ಪೊರೆಗಳಿಂದ ಉಬ್ಬಸ ಹೆಚ್ಚುತ್ತದೆಂಬುದು ವೈದ್ಯರ ಮಾತು. ಆಹಾರದ ಮೇಲೆ ಓಡಾಡಿ ರೋಗಾಣುಗಳನ್ನು ಹರಡುವುದೂ ನಿಜ. ಉಬ್ಬಸದ ಮಗುವಿರುವ ಮನೆಯ ತಾಯಿಗೆ ಕೈಕಟ್ಟಿ ಕೂರೆಂದು ನಾನು ಹೇಳಲಾರೆ. ಆ ಮಗುವೂ ಜೀವವೇ, ಅದರ ರಕ್ಷಣೆಯೂ ಧರ್ಮವೇ. ತಡೆಯುವ ಉಪಾಯಗಳೆಲ್ಲವನ್ನೂ ಮೊದಲು ಮಾಡಲಿ. ಅವೆಲ್ಲವೂ ಸೋತು ಅನಿವಾರ್ಯವಾದಲ್ಲಿ, ಅದು ಹಿಂಸೆಯಲ್ಲವೆಂದು ತನಗೆ ತಾನೇ ಸಮಾಧಾನ ಹೇಳಿಕೊಳ್ಳದೆ, ಹಿಂಸೆಯೆಂದೇ ಅರಿತು, ಆಲೋಚನಾ-ಪ್ರತಿಕ್ರಮಣಗಳಿಂದ ಮನಸ್ಸನ್ನು ತೊಳೆದುಕೊಳ್ಳಲಿ. ಪ್ರಮಾದದಿಂದ ಕೂಡಿದ ಯೋಗವೇ ಹಿಂಸೆಯ ಬೇರೆಂದು ಆಚಾರ್ಯರು ಹೇಳಿರುವಾಗ, ಎಚ್ಚರವುಳ್ಳವನ ನೋವಿಗೂ ಎಚ್ಚರವಿಲ್ಲದವನ ಹರ್ಷಕ್ಕೂ ಬಂಧದಲ್ಲಿ ಅಂತರವಿದ್ದೇ ಇದೆ. ಆದರೆ ಕೊಲೆಯನ್ನು ಶುದ್ಧಿಯೆ೦ದು ಕರೆಯುವುದು ಮಾತ್ರ ಎಂದಿಗೂ ಸಲ್ಲದು.

ಈಗ ಆ ವೃದ್ಧ ತಾಯಿಗೆ ಅಂದು ಹೇಳದೆ ಉಳಿದ ಮಾತು.

ತಾಯಿ, ನಿಮ್ಮ ಐವತ್ತು ವರ್ಷಗಳ ನೋಂಪಿಯು ಒಂದು ರಾತ್ರಿಯಲ್ಲಿ ವ್ಯರ್ಥವಾಗಲಿಲ್ಲ. ಮೊರದಲ್ಲಿ ಕಾಲಾಡಿಸುತ್ತಿದ್ದುದನ್ನು ನೀವು ನೋಡಿದಿರಿ. ನೋಡಿ ನಿಮ್ಮ ಮನಸ್ಸು ನಿಲ್ಲಲಿಲ್ಲ. ಸಂಕೋಚವನ್ನು ಬಿಟ್ಟು ಬಸದಿಯಲ್ಲಿ ಬಂದು ಕೇಳಿದಿರಿ. ಪ್ರೋಷಧದ ಕಣ್ಣು ನಿಮ್ಮಲ್ಲಿ ತೆರೆದಿತ್ತು. ಅದು ಒಂದು ದಿನ ತಡವಾಗಿ ತೆರೆಯಿತು, ಅಷ್ಟೇ. ಮುಂದಿನ ಚತುರ್ದಶಿಗೆ ಮುನ್ನ ತ್ರಯೋದಶಿಯ ಸಂಜೆ, ಏಕಭುಕ್ತವನ್ನು ಮುಗಿಸಿ, ಬೆಳಕಿರುವಾಗಲೇ ಮಗನನ್ನೂ ಸೊಸೆಯನ್ನೂ ಮೊಮ್ಮಕ್ಕಳನ್ನೂ ಕರೆದು ಅಡುಗೆಮನೆಯ ಒಂದೊಂದು ಸಂದನ್ನೂ ನೋಡಿಸಿರಿ. ಮೃದುವಾದ ಪೊರಕೆಯಿಂದ ಗುಡಿಸಿರಿ. ಬಟ್ಟಲು-ಕಾಗದವನ್ನು ಮೊಮ್ಮಗುವಿನ ಕೈಗೆ ಕೊಡಿರಿ. ಆ ಮಗು ಒಂದು ಜೀವವನ್ನು ಹಿತ್ತಿಲಿಗೆ ಒಯ್ದು ಬಿಟ್ಟು ಬಂದ ಬಳಿಕ ನೀವು ಉಪವಾಸದ ಸಂಕಲ್ಪವನ್ನು ಮಾಡಿರಿ.

ಸಮುದ್ರದಾಚೆಯ ದ್ವೀಪದಲ್ಲಿ, ತೊಗಟೆಯ ಕತ್ತಲೆಯಲ್ಲಿ, ದುಂಬಿಯಂತಹ ಜಿರಳೆಯೊಂದು ತನ್ನ ಹನ್ನೆರಡು ಮರಿಗಳನ್ನು ಹೊತ್ತು ಇಂದೂ ಕುಳಿತಿರಬಹುದು. ಅದಕ್ಕೆ ನಮ್ಮ ವ್ರತದ ಸುದ್ದಿ ತಿಳಿಯದು, ತಿಳಿಯಬೇಕಾಗಿಯೂ ಇಲ್ಲ. ನಮ್ಮ ಮನೆಯ ಸಂದಿನಲ್ಲಿರುವ ಅದರ ಬಂಧುವಿಗೂ ತಿಳಿಯದು. ತಿಳಿಯಬೇಕಾದವರು ನಾವು. ಈ ಚಾತುರ್ಮಾಸದಲ್ಲಿ ಪ್ರತಿಯೊಂದು ಮನೆಯೂ ಪರ್ವದಿನದ ಹಿಂದಿನ ಸಂಜೆ ಅರ್ಧ ಗಳಿಗೆಯನ್ನು ನೋಡುವುದಕ್ಕಾಗಿ ಮೀಸಲಿಡಲಿ. ಹೊಟ್ಟೆಯ ಉಪವಾಸಕ್ಕೆ ಕಣ್ಣಿನ ಎಚ್ಚರವು ಜೊತೆಗೂಡಲಿ.

ಸಕಲ ಜೀವಿಗಳಿಗೂ ಅಭಯವುಂಟಾಗಲಿ. ಜೈ ಜಿನೇಂದ್ರ.